ಮರಳು ಇಳಿಯುವವರೆಗೆ

ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಓಣಿ ಎಡಕ್ಕೆ ತಿರುಗಿ ಸದ್ದಡಗುವ ಮೂಲೆಯಲ್ಲಿ, ಜನ ನಿದ್ದೆ ಮಾಡಲೆಂದೇ ಬರುವ ಒಂದು ಕೋಣೆಯಿತ್ತು. ಬೇರೆ ಕೋಣೆಗಳಲ್ಲಿ ತೂಕಡಿಸಿದವರಿಗೆ ಬೈಗುಳ. ಇಲ್ಲಿ ಮಾತ್ರ ನಿದ್ದೆ ಬಾರದವರು ತಪ್ಪಿತಸ್ಥರಂತೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಊಟದ ಹೊತ್ತು ಕಳೆದ ಮೇಲೆ ವಿದ್ಯಾರ್ಥಿಗಳು, ಒಮ್ಮೊಮ್ಮೆ ಅವರಿಗೆ ಪಾಠ ಹೇಳುವವರು, ಒಬ್ಬೊಬ್ಬರಾಗಿ ಬಂದು ಮಂಚದ ಮೇಲೆ ಒರಗುತ್ತಿದ್ದರು. ಅವರ ನೆತ್ತಿಗೆ, ಕಣ್ಣಂಚಿಗೆ ಅಂಟು ಹಚ್ಚಿ ಸಣ್ಣ ತಂತಿಗಳನ್ನು ಕೂರಿಸುತ್ತಿದ್ದರು. ಗಾಜಿನ ಗೋಡೆಯಾಚೆ ಯಂತ್ರವೊಂದು ಅವರ ನಿದ್ದೆಯನ್ನು ಗೆರೆಗೆರೆಯಾಗಿ ಎಳೆಯುತ್ತಿತ್ತು. ನೀಲಿ ಪರದೆಗಳ ಮೂಲಕ ಬರುವ ಬೆಳಕಿನಲ್ಲಿ ಇಡೀ ಕೋಣೆ ನೀರಿನ ತಳದಲ್ಲಿ ಕುಳಿತಂತೆ ಕಾಣುತ್ತಿತ್ತು.

ಎದ್ದವರ ಕನಸನ್ನು ಬರೆದುಕೊಳ್ಳುವುದು ಕನಸಕ್ಕನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಅವಳು ಬಾಯಿ ಸುಡದೆಯೇ ಮಜ್ಜಿಗೆಯನ್ನು ಊದಿ ಕುಡಿಯುವ ಸ್ವಭಾವದವಳು. ಕೋಣೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುತ್ತಿದ್ದಳು. ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಮೂರನೆಯ ಸಲ ಜಗ್ಗುತ್ತಿದ್ದಳು. ಕನಸುಗಳನ್ನು ಕಂಪ್ಯೂಟರಿಗೆ ಹಾಕಲು ಅವಳು ಕೊನೆಯವರೆಗೂ ಒಪ್ಪಿರಲಿಲ್ಲ. ದಪ್ಪ ರಟ್ಟಿನ ದಾಖಲೆ ಪುಸ್ತಕದಲ್ಲಿ, ಕೈಬರಹದಲ್ಲಿ, ಅದೂ ಮಲಗಿದವರ ಹೆಸರಿಲ್ಲದೆ ಬರೆಯುತ್ತಿದ್ದಳು. ಪ್ರತಿಯೊಬ್ಬರಿಗೂ ಒಂದು ಹಕ್ಕಿಯ ಹೆಸರು. ಯಾರು ಪಿಕಳಾರ, ಯಾರು ಮರಕುಟಿಗ ಎಂಬುದು ಅವಳಿಗೆ ಮತ್ತು ಆ ಹಕ್ಕಿಗೆ ಮಾತ್ರ ಗೊತ್ತು. ಯಾರು ಯಾವ ಹೊತ್ತಿಗೆ ಬರಬೇಕು ಎಂಬ ಪತ್ರವ್ಯವಹಾರಕ್ಕಷ್ಟೇ ಕಂಪ್ಯೂಟರು.

ಆ ಕೋಣೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ನಿದ್ದೆಯಿಂದ ಆಗತಾನೇ ಎದ್ದ ಮನುಷ್ಯ ಬಾಗಿಲಿಲ್ಲದ ಮನೆಯಿದ್ದಂತೆ, ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತಾನೆ. ಪ್ರೀತಿಸಿದವರ ಹೆಸರು, ಅಪ್ಪನ ಮೇಲಿನ ಸಿಟ್ಟು, ಬೀರುವಿನ ಕೀಲಿ ಇಟ್ಟ ಜಾಗ, ಹೀಗೆ ಏನನ್ನಾದರೂ. ಆದ್ದರಿಂದ ಮಲಗಿದವರು ಕಣ್ಣು ಬಿಟ್ಟೊಡನೆ ಕನಸಕ್ಕ ಮೇಜಿನ ಮೇಲಿನ ಮರಳು ಗಡಿಯಾರವನ್ನು ತಲೆಕೆಳಗು ಮಾಡುತ್ತಿದ್ದಳು. ಮರಳು ಪೂರ್ತಿ ಇಳಿಯಲು ಮೂರು ನಿಮಿಷ. ಅಷ್ಟು ಹೊತ್ತು ಒಂದೇ ಪ್ರಶ್ನೆ: "ಏನು ಕಂಡಿತು?" ಬೇರೇನೂ ಕೇಳುವಂತಿಲ್ಲ, ಸಹಿ ಹಾಕಿಸಿಕೊಳ್ಳುವಂತಿಲ್ಲ, ಫೋನ್ ಮುಟ್ಟಿಸುವಂತಿಲ್ಲ. ಕನಸಿನ ಆಚೆಗೆ ಬಾಯಿ ತಪ್ಪಿ ಬಂದ ಮಾತನ್ನು ಬರೆಯುವಂತಿಲ್ಲ. ಆ ಕೋಣೆಯ ಒಂದು ಮಾತೂ ಇಪ್ಪತ್ತೆರಡು ವರ್ಷದಲ್ಲಿ ಮೆಟ್ಟಿಲಿಳಿದಿರಲಿಲ್ಲ. ಕನಸಕ್ಕನಿಗೆ ಹೆಮ್ಮೆ ಎಂಬುದೇನಾದರೂ ಇದ್ದರೆ ಅದೊಂದೇ.

ಆ ದಿನ ಮಧ್ಯಾಹ್ನ ಅವಳು ಕುರ್ಚಿಯಲ್ಲೇ ತೂಕಡಿಸಿದಳು. ಪಿಕಳಾರ ಎದ್ದು ಹೋಗಿದ್ದ, ಮುಂದಿನವರು ಬರಲು ಸ್ವಲ್ಪ ಹೊತ್ತಿತ್ತು. ಯಂತ್ರದ ಗುಂಯ್ ಎಂಬ ನಾದ, ಅಂಟಿನ ಮಂದ ವಾಸನೆ, ಪರದೆಯ ಉಸಿರಾಟ. ಆ ಕೋಣೆ ಯಾರನ್ನೂ ಬಿಡುತ್ತಿರಲಿಲ್ಲ.

ಎದ್ದಾಗ ತುಟಿಯ ಮೇಲೆ ಇನ್ನೂ ಏನೋ ಮಾತಿನ ಬಿಸಿ ಇತ್ತು. ಕೋಣೆಯಲ್ಲಿ ಯಾರು ಮಲಗಿದರೂ, ಕೆಲಸದವರೇ ಆದರೂ, ಕಂಡದ್ದನ್ನು ಬರೆಯಬೇಕೆಂಬುದು ಅವಳೇ ಮಾಡಿದ ನಿಯಮ. ಪುಸ್ತಕ ತೆರೆದು, ಕೈ ಇನ್ನೂ ಜೋಮು ಹಿಡಿದಿರುವಾಗಲೇ, ಒಂದು ಮಾತೂ ಬಿಡದೆ ಬರೆದಳು. ಬರೆದ ಮೇಲೆ ಮನಸ್ಸು ಹಗುರವಾಯಿತು. ಫೋನು ಮೇಜಿನ ಅಂಚಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಅದನ್ನು ಅವಳು ನೋಡಲಿಲ್ಲ.

ಎರಡೂವರೆಗೆ ಮಿಂಚುಳ್ಳಿ ಬಂದಳು. ತೆಳ್ಳನೆಯ ಹುಡುಗಿ, ಕಣ್ಣ ಕೆಳಗೆ ಮಸಿ. ಒಂದೇ ಒಂದು ಕೆರೆಯ ನೀರು ಏರುವುದನ್ನೂ ಇಳಿಯುವುದನ್ನೂ ಆರು ವರ್ಷ ಅಳೆದು ಮಹಾಪ್ರಬಂಧ ಬರೆಯುತ್ತಿದ್ದಳು. ಒಪ್ಪಿಸಲು ಹತ್ತು ದಿನ ಉಳಿದಿತ್ತು.

"ಅಕ್ಕ, ಇವತ್ತೊಂದಿನ ಫೋನ್ ನನ್ ಹತ್ರಾನೇ ಇರ್ಲಿ. ಗೈಡು ಯಾವಾಗ ಬೇಕಾದ್ರೂ ಫೋನ್ ಮಾಡ್ಬಹುದು. ತೆಗೀಲಿಲ್ಲ ಅಂದ್ರೆ ಇನ್ನೊಂದು ವಾರ ಮುಖ ಗಂಟು ಹಾಕ್ಕೊಂಡು ಕೂತ್ಕೋತಾರೆ."

ಮಲಗುವವರ ಫೋನುಗಳೆಲ್ಲ ಬಾಗಿಲ ಬಳಿಯ ಬಟ್ಟೆ ಚೀಲಕ್ಕೆ ಹೋಗಬೇಕು. ಕನಸಕ್ಕ ಚೀಲವನ್ನು ನೋಡಿದಳು, ಹುಡುಗಿಯ ಕಣ್ಣ ಕೆಳಗಿನ ಮಸಿಯನ್ನು ನೋಡಿದಳು.

"ದಿಂಬಿನ ಕೆಳಗೆ ಇಟ್ಕೋ. ನಾನು ನೋಡಿಲ್ಲ. ಅಂದ ಹಾಗೆ, ಬರೆದಿದ್ದನ್ನೆಲ್ಲ ಇನ್ನೊಂದು ಕಡೆ ಇಟ್ಯಾ? ಹೋದ ವಾರವೇ ಹೇಳಿದ್ದೆ."

"ಎಲ್ಲಾ ಯೂನಿವರ್ಸಿಟಿ ಖಾತೇಲೇ ಇದೆ ಅಕ್ಕ, ಎಲ್ಲಿಗ್ ಹೋಗುತ್ತೆ? ನಾಳೆ ಖಂಡಿತ ಇಡ್ತೀನಿ."

"ನಿನ್ನ ನಾಳೆಗೆ ಮೀಸೆ ಬಂತು ಕಣೇ."

ಹುಡುಗಿ ನಗುತ್ತಲೇ ನಿದ್ದೆಗೆ ಜಾರಿದಳು. ಗಾಜಿನಾಚೆ ಗೆರೆಗಳು ಉದ್ದವಾದವು, ಸಮತಟ್ಟಾದವು.

ಯಂತ್ರ ನೋಡಿಕೊಳ್ಳುವ ತಂತಿಮಾಮ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ತಂತಿ ಕೂರಿಸುವಾಗ ಅವನ ಬೆರಳು ಎಷ್ಟು ಮೃದುವೋ ನಾಲಿಗೆ ಅಷ್ಟೇ ಚೂಪು. ದಾಖಲೆ ಪುಸ್ತಕದಲ್ಲಿ ತನಗೆ ಬಾತುಕೋಳಿ ಎಂದು ಹೆಸರಿಟ್ಟ ಸೇಡಿಗೆ ಕನಸಕ್ಕನಿಗೆ ಅವನೇ ಗೂಬೆ ಎಂದು ಹೆಸರಿಟ್ಟಿದ್ದ. ಮೂರು ಗಂಟೆಯ ಸುಮಾರಿಗೆ ಅವನು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಲಗಿದವಳಿಗೆ ಕೇಳದಂತೆ ಗಾಜಿನ ಈಚೆ ಪಿಸುಗುಟ್ಟುತ್ತ ಓದತೊಡಗಿದ.

"ಆಹಾ, ಗೂಬೆಯಮ್ಮ ಇವತ್ತು ಕನಸು ಕಂಡಿದ್ದಾರೆ! ಕೇಳಿ ಕೇಳಿ. 'ಹಗಲು, ಎರಡು ಗಂಟೆ ಹತ್ತು ನಿಮಿಷ. ಕೋಣೆ ನೀರಿನಡಿ ಇತ್ತು. ಒಬ್ಬ ಗಂಡಸಿನ ದನಿ, ಮೆತ್ತಗೆ, ನಡುನಡುವೆ ಸಣ್ಣ ಕೆಮ್ಮು. ಕಂಪ್ಯೂಟರ್ ಕೇಂದ್ರದವನು ಎಂದ. ಅವಸರವಿಲ್ಲ, ನಿಧಾನವಾಗಿ ಓದಿ ಎಂದ. ಓದಿದೆ. ಏಳು, ಎರಡು, ಸೊನ್ನೆ, ಐದು, ಐದು, ಒಂದು. ಒಂದೊಂದು ಸಂಖ್ಯೆಗೂ ಕಪಾಟಿನಿಂದ ಒಂದೊಂದು ಹಕ್ಕಿ ಎದ್ದು ಕಿಟಕಿಯಿಂದ ಹೊರಗೆ ಹೋಯಿತು. ನಿಮ್ಮ ಮಿಕ್ಕವರಿಗೆಲ್ಲ ನಾನೇ ಹೇಳುತ್ತೇನೆ ಎಂದ. ಮನಸ್ಸಿಗೆ ಹಿತವಾಯಿತು.' ಅಲ್ಲಾ, ಯಾರಮ್ಮ ಈ ಮೆತ್ತನೆ ದನಿಯೋನು? ಮನೇಲಿ ಯಜಮಾನರಿಗೆ ಗೊತ್ತಾ?"

"ಸುಮ್ನಿರಿ ಮಾಮ. ಮುದುಕರಾದ್ರೂ ಬುದ್ಧಿ ಬರ್ಲಿಲ್ಲ."

"ಬರ್ಲಿಲ್ಲ ಬಿಡಿ. ಆದ್ರೆ ಒಂದು ಮಾತು." ಅವನು ಕನ್ನಡಕವನ್ನು ಹಣೆಗೇರಿಸಿದ. "ಹೊಸಬರಿಗೆಲ್ಲ ನೀವೇ ಹೇಳ್ತಿರ್ತೀರಲ್ಲ? ಕನಸಲ್ಲಿ ಸಂಖ್ಯೆ ನಿಲ್ಲಲ್ಲ, ನೋಡ್ತಾ ನೋಡ್ತಾ ಕರಗುತ್ತೆ, ನಮ್ಮ ಪುಸ್ತಕದಲ್ಲಿ ಒಬ್ಬರೂ ಎರಡಕ್ಕಿಂತ ಜಾಸ್ತಿ ಅಂಕಿ ನೆನಪಿಟ್ಟುಕೊಂಡು ಎದ್ದಿಲ್ಲ ಅಂತ. ನೀವು ಆರನ್ನ ಸಾಲಾಗಿ ಬರೆದಿದ್ದೀರಿ. ಗಿಣಿ ಪಾಠದ ಹಾಗೆ."

ಅವನು ತಮಾಷೆಗೇ ಹೇಳಿದ್ದು. ಕನಸಕ್ಕನಿಗೆ ಮಾತ್ರ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತಾಯಿತು.

ಅವಳು ಫೋನನ್ನು ಅಂಗಾತ ತಿರುಗಿಸಿದಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದು ಕರೆ, ಗುರುತಿಲ್ಲದ ನಂಬರು, ನಾಲ್ಕು ನಿಮಿಷ ಮಾತು. ಅದರ ಕೆಳಗೆ ಒಂದು ಸಂದೇಶ: ನಿಮ್ಮ ಖಾತೆಯ ಗುಟ್ಟಿನ ಸಂಖ್ಯೆ 720551, ಇದನ್ನು ಯಾರಿಗೂ ಹೇಳಬೇಡಿ.

ಹಕ್ಕಿಗಳೊಂದೇ ಕನಸು. ಉಳಿದದ್ದೆಲ್ಲ ನಡೆದದ್ದು.

ಆಗ ಬೆಳಗಿನದೂ ನೆನಪಾಯಿತು. ಅಂಚೆಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಖಚಿತಪಡಿಸಿ ಎಂದು ಕಂಪ್ಯೂಟರಿಗೆ ಒಂದು ಪತ್ರ ಬಂದಿತ್ತು. ವಿಶ್ವವಿದ್ಯಾಲಯದ ಲಾಂಛನವೂ ಅದರಲ್ಲಿತ್ತು. ಒತ್ತಿದ್ದಳು, ಗುಪ್ತಪದ ಹೊಡೆದಿದ್ದಳು, ಮರೆತಿದ್ದಳು. ಅವಸರಪಡಿಸುವವನೇ ಕಳ್ಳ ಎಂದು ಓಣಿಯ ಗೋಡೆಗೆ ಅಂಟಿಸಿದ ಕಾಗದ ಹೇಳುತ್ತಿತ್ತು. ಆ ಕಾಗದವನ್ನು ಅಂಟಿಸಿದವಳೂ ಅವಳೇ. ಆದರೆ ಇವನು ಅವಸರಪಡಿಸಲಿಲ್ಲವಲ್ಲ. ಕನಸು ಕೇಳುವಾಗ ಅವಳು ಹೇಗೆ ಮಾತಾಡುತ್ತಿದ್ದಳೋ ಹಾಗೆಯೇ ಮಾತಾಡಿದ್ದ.

ಒಂದು ಗಳಿಗೆ ಅವಳ ಕಣ್ಣು ಪುಸ್ತಕದ ಆ ಹಾಳೆಯ ಮೇಲೆ ನಿಂತಿತು. ಕನಸೆಂದು ಬರೆದಾಗಿದೆ. ಕನಸೆಂದೇ ಉಳಿದರೆ ಕೇಳುವವರು ಯಾರು? ನಾಳೆ ಏನಾದರೂ ಹೊರಗೆ ಬಿದ್ದರೆ, ಎಲ್ಲಿಂದ ಸೋರಿತೋ ಯಾರಿಗೆ ಗೊತ್ತು? 'ನಿಮ್ಮ ಮಿಕ್ಕವರಿಗೆಲ್ಲ ನಾನೇ ಹೇಳುತ್ತೇನೆ.' ಆ ಸಾಲು ಹಾಳೆಯಿಂದ ಎದ್ದು ನಿಂತಿತು. ಮಿಕ್ಕವರೆಂದರೆ ಅವಳ ಹಕ್ಕಿಗಳು. ನಲವತ್ತೊಂದು ಜನ, ಕಣ್ಣು ಮುಚ್ಚಿ ಅವಳೆದುರು ಮಲಗಿದವರು. ಅವಳ ಹೆಸರಿನಲ್ಲಿ ಏನು ಕೇಳಿದರೂ ಕೊಡುವವರು.

ಪುಸ್ತಕವನ್ನು ಎದೆಗವಚಿಕೊಂಡು ಎದ್ದಳು.

"ಎಲ್ಲಿಗೆ?" ಎಂದ ತಂತಿಮಾಮ.

"ಕಂಪ್ಯೂಟರ್ ಕೇಂದ್ರಕ್ಕೆ. ನಾನೊಂದು ದೊಡ್ಡ ತಪ್ಪು ಮಾಡಿದ್ದೀನಿ ಮಾಮ. ಅದು ಕನಸಲ್ಲ."

"ಫೋನ್ ಮಾಡಿ ಹೇಳಬಾರದಾ?"

"ಯಾವ ನಂಬರಿಗೆ? ಅವನೂ ಅಲ್ಲಿಂದಲೇ ಅಂದ. ಮುಖ ನೋಡಿ ಹೇಳ್ತೀನಿ."

ಅಂಗಳದಲ್ಲಿ ಬಿಸಿಲು ಹಳದಿ ಬಟ್ಟೆಯಂತೆ ಹಾಸಿಕೊಂಡಿತ್ತು. ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಮರದ ಬುಡದಲ್ಲಿ ಕುಳಿತವರೆಲ್ಲ ತಲೆ ಬಗ್ಗಿಸಿ ಫೋನು ನೋಡುತ್ತಿದ್ದರು. ಎಲ್ಲರ ಮುಖಕ್ಕೂ ಅಂಗೈಯಿಂದ ಸಣ್ಣ ಬೆಳಕು. ಕನಸಕ್ಕನಿಗೆ ಅವರೆಲ್ಲ ಕಣ್ಣು ತೆರೆದೇ ಮಲಗಿದಂತೆ, ತಂತಿ ಕೂರಿಸಲು ತಾನು ಮರೆತುಬಿಟ್ಟಂತೆ ಕಂಡಿತು. ಕಾಲು ಎಷ್ಟು ಬೇಗ ಎತ್ತಿಟ್ಟರೂ ಆ ಅಂಗಳ ಮುಗಿಯಲಿಲ್ಲ.

ಕಂಪ್ಯೂಟರ್ ಕೇಂದ್ರದಲ್ಲಿ ಖಾತೆಗಳ ಕಾವಲು ಕಾಯುತ್ತಿದ್ದವಳನ್ನು ಎಲ್ಲರೂ ಬೀಗದ ಹುಡುಗಿ ಎನ್ನುತ್ತಿದ್ದರು. ಚಿಕ್ಕ ವಯಸ್ಸು, ಬಾಯಲ್ಲಿ ಕಚ್ಚಿದ ಪೆನ್ಸಿಲು. ಕನಸಕ್ಕ ಏದುಸಿರು ಬಿಡುತ್ತ ಪುಸ್ತಕವನ್ನು ಅವಳೆದುರು ತೆರೆದಿಟ್ಟು, ಬೆಳಗಿನ ಪತ್ರದ ಸಂಗತಿಯನ್ನೂ ಹೇಳಿದಳು. ಬೀಗದ ಹುಡುಗಿ ಓದಿ ಮುಗಿಸಿ, ಪೆನ್ಸಿಲನ್ನು ಬಾಯಿಂದ ತೆಗೆದಳು.

"ಕನಸಕ್ಕ, ನನ್ ಹತ್ರ ಬರೋರೆಲ್ಲ ಮೂರು ದಿನ ಬಿಟ್ಟು ಬರ್ತಾರೆ. ಏನ್ ಕೇಳ್ದ ಅಂದ್ರೆ ನೆನಪಿಲ್ಲ, ಯಾವಾಗ ಅಂದ್ರೆ ಗೊತ್ತಿಲ್ಲ, ನಾನೇನೂ ಕೊಟ್ಟೇ ಇಲ್ಲ ಅಂತ ಸಾಧಿಸ್ತಾರೆ. ನೀವು ಅವನ ಕೆಮ್ಮೂ ಬಿಡದೆ ಬರ್ಕೊಂಡ್ ಬಂದಿದ್ದೀರಿ!"

"ಹೊಗಳ್ಬೇಡ ಕಣಮ್ಮ. ಅಳು ಬರುತ್ತೆ."

"ಅಳೋಕೆ ಆಮೇಲೆ ಟೈಮಿದೆ." ಅವಳ ಬೆರಳು ಆಗಲೇ ಕೀಲಿಮಣೆಯ ಮೇಲೆ ಓಡುತ್ತಿದ್ದವು. "ಬೆಳಿಗ್ಗೆ ಅವನಿಗೆ ಕೀಲಿ ಕೊಟ್ರಿ, ಮಧ್ಯಾಹ್ನ ಒಳಗಿನ ಚಿಲಕ ತೆಗೆದ್ರಿ. ಈಗ ನಾನು ಅವನನ್ನ ಹೊರಗೆ ತಳ್ಳಿ ಬೀಗ ಬದಲಾಯಿಸ್ತಿದ್ದೀನಿ. ಆಯ್ತು. ಹೋದ. ಅಯ್ಯೋ…"

"ಏನೇ?"

"ಹೋಗೋ ಮುಂಚೆ ನಿಮ್ ಹೆಸರಲ್ಲಿ ಪತ್ರ ಹಾಕಿದ್ದಾನೆ. ಇಪ್ಪತ್ತು ನಿಮಿಷ ಆಯ್ತು. ನಲವತ್ತೊಂದು ಜನಕ್ಕೆ."

ಪರದೆಯ ಮೇಲೆ ಅವಳದೇ ಸಹಿಯ ಪತ್ರವಿತ್ತು. 'ನಾನು ಕನಸಕ್ಕ. ನಿಮ್ಮ ಖಾತೆ ಉಳಿಸಲು ಕಂಪ್ಯೂಟರ್ ಕೇಂದ್ರದವರು ಕರೆ ಮಾಡುತ್ತಾರೆ. ನಿಮ್ಮ ಫೋನಿಗೆ ಬಂದ ಸಂಖ್ಯೆಯನ್ನು ಅವರಿಗೆ ಓದಿ ಹೇಳಿ. ಗಾಬರಿ ಬೇಡ.' ಗಾಬರಿ ಬೇಡ ಎಂಬುದು ಅವಳು ಪ್ರತಿ ಪತ್ರದ ಕೊನೆಗೆ ಬರೆಯುವ ಮಾತು. ಹಳೆಯ ಪತ್ರಗಳನ್ನು ಓದಿ ಅದನ್ನೂ ಕದ್ದಿದ್ದ.

"ಒಬ್ಬೊಬ್ಬರದೇ ಖಾತೆ ತಡೆ ಹಿಡೀಬೇಕು, ಒಟ್ಟಿಗೆ ಆಗಲ್ಲ," ಎಂದಳು ಬೀಗದ ಹುಡುಗಿ. "ನಾನು ಮೇಲಿಂದ ಹಿಡ್ಕೊಂಡು ಬರ್ತೀನಿ. ನೀವು ಕೆಳಗಿಂದ ಫೋನ್ ಮಾಡಿ. ಆದ್ರೆ ನೀವೇ ಅಂತ ಅವ್ರು ಹೇಗೆ ನಂಬ್ತಾರೆ? ಪತ್ರದಲ್ಲಿ ಇದ್ದಿದ್ದೂ ನೀವೇ ಅಲ್ವಾ!"

ಕನಸಕ್ಕ ಪುಸ್ತಕದ ಹಿಂಬದಿ ತೆರೆದಳು. ಅಲ್ಲಿ ಹಕ್ಕಿಗಳ ಎದುರು ನಂಬರುಗಳಿದ್ದವು. ಮೊದಲ ಕರೆ ಹೋಯಿತು.

"ಮರಕುಟಿಗ, ನಾನು ಗೂಬೆ."

ಆಚೆ ಕಡೆ ನಗು. "ಅಕ್ಕಾ! ಹೇಳಿ."

"ಪತ್ರ ನಂದಲ್ಲ. ಯಾರ್ ಕೇಳಿದ್ರೂ ಸಂಖ್ಯೆ ಹೇಳ್ಬೇಡ. ಇಡ್ತೀನಿ."

ಯಾವ ಕಂಪ್ಯೂಟರಿನಲ್ಲೂ ಇಲ್ಲದ ಆ ಹೆಸರುಗಳನ್ನು ಕರೆಯುತ್ತ ಹೋದಳು: ಕೊಕ್ಕರೆ, ಗೀಜಗ, ಹೊರಸು, ಕಾಜಾಣ. ಒಬ್ಬೊಬ್ಬರ ದನಿಯೂ ಎಚ್ಚರದ ಹೊತ್ತಿನಲ್ಲಿ ಬೇರೆಯೇ ಆಗಿ ಕೇಳುತ್ತಿತ್ತು. ಇಬ್ಬರು ಆಗಲೇ ಸಂಖ್ಯೆ ಕೊಟ್ಟಾಗಿತ್ತು. "ನೀವೇ ಹೇಳಿದ್ರಲ್ಲ ಅಕ್ಕ," ಎಂದ ಗೀಜಗ. ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಬೀಗದ ಹುಡುಗಿ ಆ ಎರಡು ಖಾತೆಗಳತ್ತ ಧಾವಿಸಿದಳು. ಒಂದು ಸಿಕ್ಕಿತು, ಇನ್ನೊಂದರ ಬೀಗ ಆಗಲೇ ಕಳ್ಳನದಾಗಿತ್ತು.

ಬೆರಳು ಸಾಲಿನಿಂದ ಸಾಲಿಗೆ ಏರುತ್ತ ಒಂದು ಹೆಸರಿನ ಮೇಲೆ ನಿಂತಿತು. ಮಿಂಚುಳ್ಳಿ.

ದಿಂಬಿನ ಕೆಳಗಿನ ಫೋನು. ಕರೆ ಮಾಡಿದಳು, ಮಲಗಿದವಳು ಎತ್ತಲಿಲ್ಲ.

"ಇವಳದ್ದು ಮೊದಲು ತಡಿ! ಆರು ವರ್ಷದ್ದು ಎಲ್ಲಾ ಅದರಲ್ಲೇ ಇದೆ. ಇನ್ನೊಂದು ಪ್ರತಿ ಇಲ್ಲ!"

"ಹಾಕ್ತಿದ್ದೀನಿ, ಆದ್ರೆ ಯಂತ್ರ ನಿಧಾನ, ನಾಲ್ಕೈದು ನಿಮಿಷ ಬೇಕು. ಅಷ್ಟರೊಳಗೆ ಅವಳು ಸಂಖ್ಯೆ ಓದಿದ್ರೆ ಕೈ ಮೀರಿತು. ಅಲ್ಲಿ ಯಾರಿದ್ದಾರೆ?"

"ಮಾಮ ಇದ್ದಾರೆ. ಯಂತ್ರದ ಹತ್ರ ಫೋನ್ ಇಡಬಾರ್ದು ಅಂತ ಅವರ ಫೋನ್ ಚೀಲದಲ್ಲಿದೆ."

ಅದೂ ಅವಳದೇ ನಿಯಮ.

ಅಂಗಳ, ಮೆಟ್ಟಿಲು, ಓಣಿ. ಐವತ್ತು ದಾಟಿದ ಮಂಡಿಗಳು ದಾರಿಯುದ್ದಕ್ಕೂ ಶಪಿಸಿದವು. ಕನಸಿನಲ್ಲಿ ಓಡುವವರ ಕಾಲು ಏಳುವುದಿಲ್ಲ ಎಂದು ಎಷ್ಟು ಜನ ಹೇಳಿದ್ದರು, ಎಷ್ಟು ಸಲ ಅವಳು ಬರೆದಿದ್ದಳು! ಇದು ಕನಸಲ್ಲ, ಕಾಲು ಏಳುತ್ತಿದೆ, ಎಂದುಕೊಳ್ಳುತ್ತಲೇ ಹತ್ತಿದಳು.

ಬಾಗಿಲು ತಳ್ಳಿದಾಗ ಅದೇ ನೀಲಿ ನೀರು. ಗಾಜಿನಾಚೆ ತಂತಿಮಾಮ ಗೆರೆಗಳ ಮೇಲೆ ಬಗ್ಗಿದ್ದ. ಹುಡುಗಿ ಎದ್ದದ್ದು ಅವನಿಗೆ ಕಂಡಿತ್ತು, ತುಟಿ ಅಲುಗುವುದೂ ಕಂಡಿತ್ತು, ಕನಸು ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ಮಂಚದ ಮೇಲೆ ಮಿಂಚುಳ್ಳಿ ಅರೆಗಣ್ಣು ತೆರೆದು, ತಲೆಯ ತುಂಬ ತಂತಿ ಹೊತ್ತು, ಬೆಳಗುತ್ತಿದ್ದ ಫೋನನ್ನು ಮುಖದ ಹತ್ತಿರ ಹಿಡಿದಿದ್ದಳು. ಅದರೊಳಗಿಂದ ಮೆತ್ತಗಿನ ದನಿ. ಸಣ್ಣ ಕೆಮ್ಮು.

"ಗಾಬರಿ ಬೇಡಮ್ಮ. ನಿಧಾನವಾಗಿ ಓದಿ."

"ಮೂರು," ಎಂದಳು ಮಿಂಚುಳ್ಳಿ, ಕನಸಿನ ದನಿಯಲ್ಲಿ. "ಒಂಬತ್ತು…"

ಕನಸಕ್ಕ ಕೂಗಲು ಬಾಯಿ ತೆರೆದಳು. ಆದರೆ ಕೂಗಿದರೆ ಬೆಚ್ಚಿ ಇನ್ನಷ್ಟು ಬೇಗ ಓದಿಬಿಟ್ಟರೆ? ಕೈಯಿಂದ ಕಿತ್ತುಕೊಳ್ಳಲು ಮಂಚಕ್ಕೆ ಇನ್ನೂ ಏಳೆಂಟು ಹೆಜ್ಜೆಯಿತ್ತು, ನಡುವೆ ನೆಲದ ತುಂಬ ತಂತಿಗಳು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಎದ್ದವರೆದುರು ಅವಳು ಏನು ಮಾಡಿದ್ದಳೋ ಈಗಲೂ ಅದನ್ನೇ ಮಾಡಿದಳು. ಮೇಜಿನ ಮೇಲಿನ ಮರಳು ಗಡಿಯಾರವನ್ನು ತಿರುಗಿಸಿ ಟಕ್ ಎಂದು ಇಟ್ಟು, ಉಸಿರು ಅಡಗಿಸಿ, ಮೆಲ್ಲಗೆ ಕೇಳಿದಳು.

"ಮಿಂಚುಳ್ಳಿ. ಏನು ಕಂಡಿತು?"

ಹುಡುಗಿಯ ತುಟಿ ನಿಂತಿತು. ಈವರೆಗೆ ಹನ್ನೊಂದು ಮಧ್ಯಾಹ್ನಗಳಲ್ಲಿ ಆ ಸದ್ದು, ಆ ಪ್ರಶ್ನೆ ಕೇಳಿ ಎದ್ದವಳು. ಫೋನು ಹಿಡಿದ ಕೈ ತಾನಾಗಿ ಇಳಿದು ಹೊದಿಕೆಯ ಮೇಲೆ ಬಿತ್ತು. ಕಣ್ಣು ಮುಚ್ಚಿಕೊಂಡಳು.

"ಕೆರೆ," ಎಂದಳು. "ಕೆರೆ ಬತ್ತಿರ್ಲಿಲ್ಲ ಅಕ್ಕ. ಮೇಲಕ್ಕೆ ಎದ್ದಿತ್ತು, ಬಟ್ಟೆ ಎತ್ತಿದ ಹಾಗೆ. ನಾನು ಅದರ ಕೆಳಗೆ ನಡೀತಿದ್ದೆ. ಮೀನಿನ ಹೊಟ್ಟೆಗಳೆಲ್ಲ ಕಾಣ್ತಿದ್ವು…"

"ಹಲೋ?" ಎಂದಿತು ಹೊದಿಕೆಯ ಮೇಲಿನ ಫೋನು. "ಹಲೋ, ಮೇಡಂ? ಮುಂದಿಂದು ಹೇಳಿ."

ಕನಸಕ್ಕ ತಂತಿಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಫೋನನ್ನು ಎತ್ತಿ ಒಂದು ಕ್ಷಣ ಕಿವಿಗೆ ಹಿಡಿದಳು. ಆ ಕಡೆ ಒಬ್ಬ ಮನುಷ್ಯ ಉಸಿರಾಡುತ್ತಿದ್ದ, ಕಾಯುತ್ತಿದ್ದ. ಅವನಿಗೆ ಹೇಳಲು ಒಂದಿಷ್ಟು ಬೈಗುಳ ಅವಳ ಬಳಿ ಇದ್ದವು. ಹೇಳಲಿಲ್ಲ. ಆ ಕೋಣೆಯಿಂದ ಇನ್ನೊಂದು ಮಾತೂ ಅವನಿಗೆ ಹೋಗುವುದು ಬೇಡವೆನ್ನಿಸಿ ಗುಂಡಿ ಒತ್ತಿದಳು.

ಮರಳು ಇಳಿಯುತ್ತಿತ್ತು. ಹುಡುಗಿ ಹೇಳುತ್ತಿದ್ದಳು. ಕನಸಕ್ಕ ಕೇಳುತ್ತ, ಮೀನಿನ ಹೊಟ್ಟೆಯ ಬಣ್ಣವನ್ನೂ ಬಿಡದೆ ಬರೆದಳು. ಕೊನೆಯ ಕಣ ಬಿದ್ದ ಮೇಲೆ ಮಿಂಚುಳ್ಳಿ ಕಣ್ಣು ಪೂರ್ತಿ ತೆರೆದಳು.

"ಅಕ್ಕ, ಆಗ ಯಾರೋ ಫೋನಲ್ಲಿ ಇದ್ರಾ?"

"ಇದ್ದ. ಕಳ್ಳ. ನನ್ನಿಂದಲೇ ನಿನ್ನ ತನಕ ಬಂದ. ತಪ್ಪು ನಂದು ಕಣೇ. ಪೂರ್ತಿ ನಂದು."

"ನಾನು ಕನಸು ಅನ್ಕೊಂಡೆ."

"ನಾನೂ."

ಬೀಗದ ಹುಡುಗಿಯಿಂದ ಕರೆ ಬಂತು. ಮಿಂಚುಳ್ಳಿಯ ಖಾತೆಗೆ ತಡೆ ಬಿದ್ದಿದೆ, ಒಳಗಿದ್ದದ್ದೆಲ್ಲ ಇದ್ದಂತೆಯೇ ಇದೆ, ಉಳಿದವರದ್ದಕ್ಕೂ ಒಂದೊಂದಾಗಿ ಬೀಳುತ್ತಿದೆ. ಗೀಜಗನದ್ದು ಇನ್ನೂ ಅವನ ಕೈಯಲ್ಲೇ ಇದೆ, ಪ್ರಯತ್ನಿಸುತ್ತಿದ್ದೇನೆ ಎಂದಳು. ಕನಸಕ್ಕ ಗೀಜಗನ ಕೋಣೆಯ ದಾರಿ ಯಾವುದೆಂದು ಕೇಳಿ ಬರೆದುಕೊಂಡಳು. ಫೋನಿನಲ್ಲಿ ಕೇಳುವ ಕ್ಷಮೆ ಅದಾಗಿರಲಿಲ್ಲ.

ತಂತಿಮಾಮ ಗಾಜಿನ ಬಾಗಿಲಿನಿಂದ ತಲೆ ಹಾಕಿದ. "ಏನಮ್ಮ ಇದು, ಎದ್ದ ಹುಡುಗೀದಕ್ಕಿಂತ ನಿಮ್ಮ ಎದೆ ಸದ್ದೇ ಜಾಸ್ತಿ ಕೇಳ್ತಿದೆ. ನಿಮಗೂ ತಂತಿ ಹಾಕ್ಲಾ?"

"ಹಾಕಿ ಮಾಮ. ಆದ್ರೆ ಮೊದಲು ನಿಮ್ಮ ಫೋನ್ ತಗೊಂಡು ಬನ್ನಿ. ಈ ಹುಡುಗಿ ಬರೆದಿದ್ದಕ್ಕೆಲ್ಲ ಇವತ್ತೇ, ಈಗಲೇ, ಇನ್ನೊಂದು ಪ್ರತಿ ಆಗ್ಬೇಕು. ಹೇಗೆ ಅಂತ ಬೀಗದ ಹುಡುಗೀನ ಕೇಳಿ."

"ನಾಳೆ ಮಾಡ್ತೀನಿ ಅಕ್ಕ," ಎನ್ನಹೊರಟ ಮಿಂಚುಳ್ಳಿ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಸಂಜೆಯ ಬೆಳಕು ಪರದೆಯ ನೀಲಿಯನ್ನು ಕದಡುತ್ತಿದ್ದಾಗ ಕನಸಕ್ಕ ಪುಸ್ತಕವನ್ನು ಮತ್ತೆ ಆ ಹಾಳೆಗೆ ತೆರೆದಳು. ಗೂಬೆಯ ಕನಸಿನಲ್ಲಿ ಏನನ್ನೂ ಹೊಡೆದುಹಾಕಲಿಲ್ಲ. ಅಂಚಿನ ಖಾಲಿ ಜಾಗದಲ್ಲಿ, ಗುಂಡಗಿನ ಅಕ್ಷರಗಳಲ್ಲಿ, 'ಹಕ್ಕಿಗಳ ಹೊರತು ಮಿಕ್ಕದ್ದೆಲ್ಲ ನಿಜ' ಎಂದು ಬರೆದಳು. ಸಹಿ ಹಾಕಲು ಪೆನ್ನು ಎತ್ತಿದವಳು ತಡೆದಳು. ಮರಳು ಗಡಿಯಾರವನ್ನು ತನ್ನತ್ತ ಎಳೆದುಕೊಂಡು ತಿರುಗಿಸಿಟ್ಟು, ಕೈಕಟ್ಟಿ ಕಾದಳು. ಎಲ್ಲ ಇಳಿದ ಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಪುಸ್ತಕದಲ್ಲಿ, ಗೂಬೆಯ ಪಕ್ಕ ತನ್ನ ನಿಜವಾದ ಹೆಸರನ್ನು ಬರೆದಳು.